ಮೂರು ಒತ್ತಿನ ಊರು

ನಮ್ಮ ಊರಿನ ಹೆಸರು ಬರೆಯಲು ಮೂರು ಒತ್ತು ಬೇಕು. ಲಕಾರಕ್ಕೊಂದು, ತಕಾರಕ್ಕೊಂದು, ಳಕಾರಕ್ಕೊಂದು. ಐದೇ ಅಕ್ಷರದ ಮಲ್ಲತ್ತಹಳ್ಳಿಯಲ್ಲಿ ಮಕಾರ ಹಕಾರಗಳನ್ನು ಬಿಟ್ಟರೆ ಉಳಿದವರೆಲ್ಲ ಮಕ್ಕಳೊಂದಿಗರು. ಕಾಲಿಗೆ ಜೋತುಬಿದ್ದ ಕೂಸನ್ನು ಎಳೆದುಕೊಂಡೇ ನಡೆಯುತ್ತಾರೆ. ಬಾಯಲ್ಲಿ ಆಡುವಾಗ ಯಾರೂ ಇಷ್ಟು ಶ್ರಮಪಡುವುದಿಲ್ಲ. ಆಟೋದವರು ಹಕಾರವನ್ನು ಹೊರವರ್ತುಲ ರಸ್ತೆಯ ಸಿಗ್ನಲ್ಲಿನಲ್ಲೇ ಇಳಿಸಿ, "ಮಲ್ಲತ್ತಳ್ಳಿಗಾ ಸಾರ್?" ಎನ್ನುತ್ತಾರೆ. ಅಂಗಡಿ ಬೋರ್ಡುಗಳಲ್ಲಿ ಮಲ್ಲತ್ತಹಳ್ಳಿ ಇದೆ, ಮಲ್ಲತಹಳ್ಳಿ ಇದೆ, ಮಲ್ಲತಳ್ಳಿಯೂ ಇದೆ. ಆಯುಷ್ಯವಿಡೀ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದ ನನಗೆ ಬೆಳಗಿನ ವಾಕಿಂಗು ಎಂದರೆ ನಡಿಗೆಗಿಂತ ನಿಲುಗಡೆಯೇ ಹೆಚ್ಚು. ಪ್ರತಿ ಬೋರ್ಡಿನ ಮುಂದೆ ನಿಂತು ಮನಸ್ಸಿನಲ್ಲೇ ಕೆಂಪು ಪೆನ್ನು ತೆಗೆಯುತ್ತೇನೆ. ಡಾಕ್ಟರು ದಿನಕ್ಕೆ ಮೂರು ಕಿಲೋಮೀಟರ್ ನಡೆಯಲು ಹೇಳಿದ್ದಾರೆ. ಕಾಗುಣಿತ ಸರಿಯಿರುವ ಬಡಾವಣೆ ಯಾವುದಾದರೂ ಇದ್ದರೆ ಅಲ್ಲಿಗೆ ಹೋಗಿ ನಡೆಯಬಹುದು.

ಅಂಥ ನನ್ನನ್ನು ಹುಡುಕಿಕೊಂಡು ಒಂದು ಭಾನುವಾರ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗ. ಕಂಕುಳಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಏನೋ ಕೇಳುವವರ ವಿನಯ.

"ಮಾವ, ನೀವು ಪ್ರೂಫ್ ನೋಡ್ತಿದ್ರಲ್ಲ. ನಮ್ಮದೊಂದು ಓಪನ್ ಸೋರ್ಸ್ ಪ್ರಾಜೆಕ್ಟ್ ಇದೆ. ಅದರ ಡಾಕ್ಯುಮೆಂಟೇಶನ್ ಕನ್ನಡದಲ್ಲಿ ಮಾಡಬೇಕು."

ಪ್ರಾಜೆಕ್ಟು ಹುಟ್ಟಿದ್ದು 2024ರ ಬೇಸಿಗೆಯಲ್ಲಂತೆ. ಆ ಬೇಸಿಗೆಯನ್ನು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ಬೋರ್‌ವೆಲ್ಲುಗಳು ಒಂದರ ಹಿಂದೊಂದು ಕೈಯೆತ್ತಿ, ಟ್ಯಾಂಕರಿನವರು ಹೇಳಿದ್ದೇ ರೇಟಾಗಿ, ಕಡೆಗೆ ಮಾರ್ಚಿನಲ್ಲಿ ಜಿಲ್ಲಾಡಳಿತವೇ ಮಧ್ಯೆ ಬಂದು ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು. ಯಾವ ಮನೆಗೆ ಎಷ್ಟು ನೀರು ಬಂತು, ಯಾರು ಎಷ್ಟು ಕೊಡಬೇಕು ಎಂಬ ಲೆಕ್ಕದಲ್ಲಿ ಬಡಾವಣೆಯ ಸಂಘಗಳು ನೀರಿಲ್ಲದೆಯೇ ಮುಳುಗತೊಡಗಿದವು. ಇವನೂ ಇವನ ಮೂವರು ಗೆಳೆಯರೂ ಸೇರಿ ಆ ಲೆಕ್ಕ ಇಡುವುದಕ್ಕೊಂದು ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿದ್ದರು. ಬಿಟ್ಟಿ ಕೊಟ್ಟದ್ದನ್ನು ಬಳಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಫೋನಿನ ಮೇಲೆ ಫೋನು. ಆಗ ಇವರಿಗೆ ಡಾಕ್ಯುಮೆಂಟೇಶನ್ ಎಂಬುದರ ನೆನಪಾಗಿದೆ.

ಮೊದಲ ತಕರಾರು ಆ ಪದದ್ದೇ. ಅವನು "ದಾಖಲಾತಿ" ಎಂದು ಶೀರ್ಷಿಕೆ ಹಾಕಿಕೊಂಡು ಬಂದಿದ್ದ. "ಲೋ, ಹಾಗೆ ಬೋರ್ಡು ಹಾಕಿದರೆ ಜನ ಜೂನ್ ತಿಂಗಳಲ್ಲಿ ಮಗು ಕರೆದುಕೊಂಡು, ಬರ್ತ್ ಸರ್ಟಿಫಿಕೇಟ್ ಹಿಡಕೊಂಡು ಬರ್ತಾರೆ ಕಣೋ" ಎಂದೆ. ದಾಖಲೀಕರಣ ಎಂದರೆ ಪೊಲೀಸ್ ಸ್ಟೇಷನ್ನಿನ ವಾಸನೆ. ಕೈಪಿಡಿ ಎಂದು ನಾನು ಸೂಚಿಸಿದೆ. ಕೈಹಿಡಿದು ನಡೆಸುವಂಥದ್ದು, ಕೈಯಲ್ಲಿ ಹಿಡಿಯುವಂಥದ್ದು, ಎರಡೂ ಆಗುತ್ತದೆ. ಅವನು ಮೆಚ್ಚಿದ. ಆಮೇಲೆ ಅಳಿಯ ಪುಟ ತೆರೆದು ತೋರಿಸಿದ. ನೋಡಿ ನನಗೆ ನಿಜವಾಗಿ ಆಶ್ಚರ್ಯವಾಯಿತು. ಎಡಗಡೆ ಅಧ್ಯಾಯಗಳ ಪಟ್ಟಿ, ನಡುವೆ ಬರಹ, ಬಲಗಡೆ ಆ ಪುಟದೊಳಗಿನ ಉಪಶೀರ್ಷಿಕೆಗಳು, ಮೇಲೊಂದು ಹುಡುಕುವ ಪೆಟ್ಟಿಗೆ, ಬುಡದಲ್ಲಿ ಹಿಂದಿನ ಪುಟ ಮುಂದಿನ ಪುಟಗಳಿಗೆ ಬಾಣದ ಗುರುತು. ಒಂದು ಗುಂಡಿ ಒತ್ತಿದರೆ ಇಡೀ ಪುಟ ಕಪ್ಪಾಗಿ ಅಕ್ಷರ ಬೆಳ್ಳಗಾಗುತ್ತದೆ. ಒಳ್ಳೆಯ ಪುಸ್ತಕದ ಹಾಗೆ ಅಂಚು, ಜಾಗ, ಎಲ್ಲ ಅಳತೆಬದ್ಧ.

"ಪರವಾಗಿಲ್ಲವೇ! ಇದನ್ನೆಲ್ಲ ನೀವೇ ಮಾಡಿದಿರಾ?"

"ನಾವೆಲ್ಲಿ ಮಾವ! ಇದು ಥೀಮು. ತಗೊಂಡಿದ್ದು. ಇದನ್ನೇ ಸಾವಿರಾರು ಪ್ರಾಜೆಕ್ಟಿನವರು ಬಳಸ್ತಾರೆ."

ಥೀಮು ಎಂಬುದಕ್ಕೂ ಕನ್ನಡ ಹುಡುಕಲು ಹೊರಟೆವು. ಹಿಂದೊಮ್ಮೆ ಕನ್ನಡಕ್ಕೆ ಇಳಿಸಿದ ಲಿನಕ್ಸಿನಲ್ಲಿ ಅದನ್ನು "ಪರಿಸರವಿನ್ಯಾಸ" ಎಂದು ಕರೆದದ್ದನ್ನು ನೋಡಿದ್ದೆ. ಅಲ್ಲಿ ಒತ್ತಿದರೆ ಯಾರೋ ಬಂದು ಬೇವಿನ ಸಸಿ ಕೊಟ್ಟು ಹೋಗಬಹುದೆಂಬ ಭಾವನೆ. ಆ ಅನುವಾದಕರ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಅವರು ದಾರಿಯೇ ಇಲ್ಲದ ಕಡೆ ದಾರಿ ಮಾಡಿದವರು. ಆದರೂ ಥೀಮು ಥೀಮೇ ಆಗಿರಲಿ ಎಂದು ಬಿಟ್ಟೆ. ಅಡುಗೆ ಮನೆಯಿಂದ ನಮ್ಮವಳು, "ಅದೇನ್ ಅಷ್ಟು ಯೋಚನೆ? ಶಾಮಿಯಾನ ಅನ್ನಿ" ಎಂದಳು.

ಅವಳು ಹೇಳಿದ್ದು ತಮಾಷೆಗೆ. ಯೋಚಿಸಿದಷ್ಟೂ ಅದಕ್ಕಿಂತ ಸರಿಯಾದ ಮಾತು ನನಗೆ ಹೊಳೆಯಲಿಲ್ಲ.

ನಮ್ಮ ಬೀದಿಯಲ್ಲಿ ತಿಂಗಳಿಗೊಂದು ಸಲವಾದರೂ ಶಾಮಿಯಾನ ಏಳುತ್ತದೆ. ಬೆಳಗಾಗುವುದರೊಳಗೆ ಗಾಡಿ ಬಂದು ಕಬ್ಬಿಣದ ಕಂಬಗಳನ್ನು ಠಣಠಣ ಇಳಿಸಿ, ಡಾಂಬರಿಗೇ ಗೂಟ ಬಡಿದು, ಹಗ್ಗ ಎಳೆದು, ಪ್ಲಾಸ್ಟಿಕ್ ಕುರ್ಚಿಗಳ ಗೋಪುರ ನಿಲ್ಲಿಸಿ ಹೋಗುತ್ತದೆ. ಗೃಹಪ್ರವೇಶಕ್ಕೂ ಅದೇ ಬಟ್ಟೆ, ನಾಮಕರಣಕ್ಕೂ ಅದೇ, ರಾಜ್ಯೋತ್ಸವಕ್ಕೂ ಅದೇ, ತಿಥಿಗೂ ಅದೇ. ಶಾಮಿಯಾನಕ್ಕೆ ಸುಖದುಃಖ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಸಿಲು, ಮಳೆ ಮತ್ತು ಮುಂಗಡ. ಇದರಿಂದ ನನಗೊಮ್ಮೆ ಆದದ್ದನ್ನು ಹೇಳಬೇಕು. ಪರಿಚಿತರೊಬ್ಬರ ಗೃಹಪ್ರವೇಶಕ್ಕೆಂದು ಉಡುಗೊರೆ ಹಿಡಿದು ಹೊರಟವನು ಕ್ರಾಸು ತಪ್ಪಿ ಪಕ್ಕದ ಬೀದಿಯ ಶಾಮಿಯಾನಕ್ಕೆ ಹೊಕ್ಕೆ. ಯಾರೋ ಕೈಮುಗಿದು ಬರಮಾಡಿಕೊಂಡರು. ಎಲೆ ಹಾಕಿದರು. ವಡೆ ಇತ್ತು, ಹೋಳಿಗೆ ಇತ್ತು, ಎರಡನೇ ಸಲ ತುಪ್ಪವನ್ನೂ ಬಡಿಸಿದರು. ಊಟ ಮುಗಿಸಿ ಉಡುಗೊರೆ ಕೈಗೆತ್ತಿಕೊಂಡು, "ಯಜಮಾನ್ರು ಎಲ್ಲಿ?" ಎಂದು ಕೇಳಿದೆ. ಹಾರ ಹಾಕಿದ ಫೋಟೋ ತೋರಿಸಿದರು.

ಅಂದಿನಿಂದ ಶಾಮಿಯಾನದೊಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಬಾಳೆಕಂಬ ಕಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಅಳಿಯ ಹೇಳಿದ, ಅವರಿಗೂ ಹಾಗೆ ಆಗುವುದುಂಟಂತೆ. ಒಂದು ತಂತ್ರಾಂಶದ ಕೈಪಿಡಿ ಎಂದುಕೊಂಡು ಇನ್ನೊಂದರ ಕೈಪಿಡಿಯನ್ನು ಅರ್ಧ ಗಂಟೆ ಓದಿ, ಇದೇಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು. ಅದೇ ಎಡಪಟ್ಟಿ, ಅದೇ ನೀಲಿ.

ಆ ನೀಲಿಯ ಕತೆಯನ್ನೂ ಅವನೇ ಹೇಳಿದ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಗಾಗಿ ಜರ್ಮನಿಯ ಗೇಯಾರ್ಗ್ ಬ್ರಾಂಡ್ಲ್ ಎಂಬಾತ ಸ್ಫಿಂಕ್ಸ್ ಎಂಬ ಸಲಕರಣೆ ಮಾಡಿ 2008ರಲ್ಲಿ ಹೊರಗೆ ಬಿಟ್ಟ. ಸಾದಾ ಬರಹ ಕೊಟ್ಟರೆ ಅದು ಪುಟಪುಟವಾಗಿ ಕಟ್ಟಿಕೊಡುತ್ತದೆ. ನಮ್ಮ ಕಾಲದ ಭಾಷೆಯಲ್ಲಿ ಕಂಪಾಸಿಟರೂ ಬೈಂಡರೂ ಒಬ್ಬನೇ. ಹಾಗೆ ಕಟ್ಟಿದ ಪುಟಗಳನ್ನು ಬಿಟ್ಟಿಯಾಗಿ ಇಟ್ಟುಕೊಳ್ಳಲು ಜಾಗ ಕೊಡುವ ರೀಡ್ ದ ಡಾಕ್ಸ್ ಎಂಬುದು 2010ರಲ್ಲಿ 48 ಗಂಟೆಗಳ ಪ್ರೋಗ್ರಾಮಿಂಗ್ ಸ್ಪರ್ಧೆಯೊಂದರಲ್ಲಿ ಹುಟ್ಟಿತು; ಎರಿಕ್ ಹೋಲ್ಷರ್ ಮತ್ತು ಅವನ ಜೊತೆಗಾರರ ಕೆಲಸ. ನಲವತ್ತೆಂಟು ಗಂಟೆಯಲ್ಲಿ ನಮ್ಮ ಅಚ್ಚುಕೂಟದಲ್ಲಿ ಒಂದು ಫಾರಂ ಕರಡು ಹೊರಬಿದ್ದರೆ ಮಾಲೀಕರು ಕಾಫಿ ತರಿಸುತ್ತಿದ್ದರು. ಮುಂದೆ 2013ರಲ್ಲಿ ಅವರದೇ ಥೀಮು ಬಂತು. ಕಪ್ಪು ಎಡಪಟ್ಟಿ, ಅದರ ನೆತ್ತಿಯಲ್ಲಿ ನೀಲಿ. ಜಗತ್ತಿನ ಅರ್ಧ ಪ್ರೋಗ್ರಾಮರುಗಳು ಆ ನೀಲಿಯನ್ನು ಕಂಡರೆ ಸಾಕು, ಓಹೋ ಕೈಪಿಡಿ ಎಂದು ಕುರ್ಚಿ ಸರಿಮಾಡಿಕೊಳ್ಳುತ್ತಾರಂತೆ. ಅದರ ಪುಟದ ಬುಡದಲ್ಲಿ, ಯಾವ ಸಲಕರಣೆಯಿಂದ ಕಟ್ಟಿದ್ದು, ಥೀಮು ಯಾರದು ಎಂಬ ಸಣ್ಣ ಸಾಲೊಂದಿರುತ್ತದೆ. ಬಾಡಿಗೆ ಕುರ್ಚಿಯ ಬೆನ್ನಿಗೆ ಸಪ್ಲೈಯರ್ಸ್ ಹೆಸರು ಬಳಿದಿರುವುದಿಲ್ಲವೇ, ಹಾಗೆ.

ಆಮೇಲೆ ಥೀಮುಗಳಿಗೆ ಬರವಿಲ್ಲ. ಗೂಗಲ್ಲಿನವರ ಡಾಕ್ಸಿ ಇದೆ. ಕುಬರ್ನೆಟೀಸ್ ಎಂಬ ಬಲುದೊಡ್ಡ ಯೋಜನೆಯ ಪುಟಗಳು ಅದರ ನೆರಳಲ್ಲೇ ಇವೆ. ಜಸ್ಟ್ ದ ಡಾಕ್ಸ್ ಎಂಬುದಿದೆ. ಭಾರತದವನೇ ಆದ ಪ್ರದ್ಯುನ್ ಗೇಡಂ 2020ರಲ್ಲಿ ಮಾಡಿದ ಫ್ಯೂರೋ ಇದೆ. 2016ರಲ್ಲಿ ಮಾರ್ಟಿನ್ ಡೊನಾತ್ ಎಂಬಾತ ಶುರುಮಾಡಿದ ಮಟೀರಿಯಲ್ ಎಂಬುದರಲ್ಲಿ ಹುಡುಕು, ಮುಂದಿನ, ಹಿಂದಿನ ಎಂಬಂಥ ಗುಂಡಿಮಾತುಗಳು ಅರವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸಿದ್ಧವಿವೆ, ಕನ್ನಡವೂ ಸೇರಿ. ಯಾರೋ ಒಬ್ಬರು ಎಲ್ಲೋ ಕೂತು, ಯಾರೂ ಕೇಳದೆ, ಆ ಇಪ್ಪತ್ತು ಮೂವತ್ತು ಪದಗಳನ್ನು ಕನ್ನಡಕ್ಕೆ ತಂದು ಸೇರಿಸಿದ್ದಾರೆ. ಇಂಥವರು ಎದುರು ಸಿಕ್ಕರೆ ನಮಗೆ ಗುರುತೂ ಹತ್ತುವುದಿಲ್ಲ.

"ನಿಮ್ಮ ಥೀಮಿಗೆ ಬಾಡಿಗೆ ಎಷ್ಟೋ?" ಎಂದು ಕೇಳಿದೆ.

"ಬಿಟ್ಟಿ ಮಾವ. ಎಂಐಟಿ ಲೈಸೆನ್ಸು."

ಲೈಸೆನ್ಸಿನ ಸಾರಾಂಶ ಹೇಳಿದ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಬೇಕೆಂದರೆ ಮಾರಿಕೊಳ್ಳಿ. ಈ ಹಕ್ಕುಪತ್ರದ ನಕಲು ಜೊತೆಗಿರಲಿ. ಹರಿದುಹೋದರೆ ನಮ್ಮನ್ನು ಕೇಳಬೇಡಿ. ಶಾಮಿಯಾನದವರಿಗೆ ಇದನ್ನು ಓದಿಸಿದರೆ ಮೊದಲೆರಡಕ್ಕೆ ನಗುತ್ತಾರೆ, ಕೊನೆಯದಕ್ಕೆ ಅಲ್ಲೇ ರುಜು ಹಾಕುತ್ತಾರೆ.

ಮಾರನೆಯ ಬೆಳಿಗ್ಗೆ ಕಲಾಗ್ರಾಮದ ಕಡೆ ನಡೆಯುವಾಗ ಇದನ್ನೇ ಮೇಷ್ಟ್ರಿಗೆ ವರದಿ ಒಪ್ಪಿಸಿದೆ. ಮೇಷ್ಟ್ರೆಂದರೆ ಕನ್ನಡ ಪಾಠ ಮಾಡಿ ನಿವೃತ್ತರಾದ ನಮ್ಮ ನೆರೆಯವರು. ಕಲಾಗ್ರಾಮ ನಮ್ಮ ಊರಿನ ದೊಡ್ಡಸ್ತಿಕೆ. ಒಂದು ಕಡೆ ನಾಟಕದ ತಾಲೀಮಿನ ಕೂಗು, ಇನ್ನೊಂದು ಕಡೆ ಮೌನ. 2013ರ ಡಿಸೆಂಬರಿನಲ್ಲಿ ಜಿ.ಎಸ್. ಶಿವರುದ್ರಪ್ಪನವರನ್ನೂ 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿಯವರನ್ನೂ ನಾಡು ಬೀಳ್ಕೊಟ್ಟದ್ದು ಇಲ್ಲೇ. ಆ ಎರಡೂ ದಿನ ಪೊಲೀಸರ ತುತ್ತೂರಿ ನಮ್ಮ ಮನೆ ಮಹಡಿಗೂ ಕೇಳಿಸಿತ್ತು. ಹಾಗಾಗಿ ಆ ದಾರಿಯಲ್ಲಿ ಸಾಹಿತ್ಯದ ಮಾತು ಆಡದೆ ನಡೆದರೆ ಮೇಷ್ಟ್ರಿಗೆ ಕಾಲು ನೋವು.

"ಇದರಲ್ಲಿ ಹೊಸದೇನ್ರಿ?" ಎಂದರು ಮೇಷ್ಟ್ರು. "ಷಟ್ಪದಿ ಮತ್ತೇನು? ರಾಘವಾಂಕ ಅದರಲ್ಲಿ ಇಡೀ ಕಾವ್ಯ ನಿಲ್ಲಿಸಿ ತೋರಿಸಿದ. ಆಮೇಲೆ ಬಂದವರು ಹೊಸ ಚೌಕಟ್ಟಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ವಾರ್ಧಕ ಬೇಕೋ, ಲಕ್ಷ್ಮೀಶ ಎತ್ತಿಕೊಂಡ. ಭಾಮಿನಿ ಬೇಕೋ, ಕುಮಾರವ್ಯಾಸ ಎತ್ತಿಕೊಂಡ, ಚಾಮರಸ ಎತ್ತಿಕೊಂಡ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರು, ಆರಕ್ಕೆ 23. ಎರಡನೆಯ ಅಕ್ಷರಕ್ಕೆ ಪ್ರಾಸ. ಅಳತೆ ಸಿದ್ಧ. ತುಂಬೋದಕ್ಕೆ ಮಹಾಭಾರತ ಇರಬೇಕು ಅಷ್ಟೆ."

ಸಂಜೆ ಇದನ್ನು ಅಳಿಯನಿಗೆ ಹೇಳಿದರೆ ಅವನು ಗಂಭೀರವಾಗಿ, "ರಾಘವಾಂಕಂದು ಯಾವ ಲೈಸೆನ್ಸ್ ಮಾವ?" ಎಂದ.

ತುಂಬುವುದಕ್ಕೆ ಇವರ ಬಳಿ ಏನಿತ್ತು ಎಂದು ಆಮೇಲೆ ನೋಡಿದೆ. ಥೀಮು ಆರಿಸಲು ನಾಲ್ವರೂ ಸೇರಿ ಮೂರು ವಾರ ತೆಗೆದುಕೊಂಡಿದ್ದರು. ಎಡಪಟ್ಟಿ ನೀಲಿಯೋ ಹಸಿರೋ ಎಂಬುದರ ಮೇಲೆ ಎರಡು ಪಕ್ಷಗಳಾಗಿ, ಒಬ್ಬ ಎರಡು ದಿನ ಮಾತು ಬಿಟ್ಟಿದ್ದನಂತೆ. ಪಟ್ಟಿಯಲ್ಲಿ ಹನ್ನೊಂದು ಅಧ್ಯಾಯಗಳ ಹೆಸರಿತ್ತು. ಒತ್ತಿ ನೋಡಿದರೆ ನಾಲ್ಕರಲ್ಲಿ ಬರಹ, ಆರರಲ್ಲಿ "ಶೀಘ್ರದಲ್ಲೇ", ಉಳಿದೊಂದರಲ್ಲಿ ಅರ್ಥವೇ ಆಗದ ಲ್ಯಾಟಿನ್. ಅದು ಥೀಮಿನ ಜೊತೆಯಲ್ಲೇ ಬಂದ ಮಾದರಿ ಪುಟ, ಅಳಿಸಲು ಮರೆತಿದ್ದರು. ಆ ಲ್ಯಾಟಿನ್ನಿಗೆ ದೊಡ್ಡ ವಂಶಾವಳಿಯಿದೆ. ಸಿಸಿರೋ ಎಂಬ ರೋಮನ್ ಪಂಡಿತ ಕ್ರಿ.ಪೂ. 45ರಲ್ಲಿ ಬರೆದ ಗ್ರಂಥವೊಂದರ ಚೂರುಗಳನ್ನು ಕಲಸಿ, ಓದಿದರೆ ಅರ್ಥವಾಗದಂತೆ ಕೆಡಿಸಿ, ಜಾಗ ತುಂಬುವ ಬರಹವಾಗಿ ಅಚ್ಚಿನವರು ಬಳಸುತ್ತ ಬಂದದ್ದು. ಹೀಗೆ ಮಲ್ಲತ್ತಹಳ್ಳಿಯ ಟ್ಯಾಂಕರ್ ಲೆಕ್ಕದ ಎಂಟನೇ ಅಧ್ಯಾಯದಲ್ಲಿ ಸಿಸಿರೋ ನಿಂತಿದ್ದ.

ನಾನು ನಗಲಿಲ್ಲ. ನಗುವ ಹಕ್ಕು ನನಗಿರಲಿಲ್ಲ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಸ್ಯಾಂಪಲ್ ಆಲ್ಬಂ ತಿರುವಿ, ಇದೇ ಇರಲಿ ಎಂದು ಆರಿಸಿ, ಹೆಸರುಗಳನ್ನು ಮಾತ್ರ ಬದಲಿಸಿ ಅಚ್ಚಾಕಿಸುವುದನ್ನು ಎಲ್ಲರೂ ಬಲ್ಲರು. ನೆಂಟರ ಮನೆಯ ಅಂಥದ್ದೊಂದು ಪತ್ರಿಕೆಯ ಕರಡನ್ನು ನಾನೇ ತಿದ್ದಿಕೊಟ್ಟಿದ್ದೆ. ಮುಹೂರ್ತ ನೋಡಿದೆ, ಗೋತ್ರ ನೋಡಿದೆ, ಛತ್ರದ ವಿಳಾಸದಲ್ಲಿ ಒಂದು ಅರ್ಧವಿರಾಮ ತಪ್ಪಿದ್ದನ್ನೂ ಹಿಡಿದೆ. ಆರುನೂರು ಪ್ರತಿ ಹಂಚಿದ ಮೇಲೆ ಗೊತ್ತಾಯಿತು, "ಸುಖಾಗಮನ ಬಯಸುವವರು" ಎಂಬಲ್ಲಿ ಸ್ಯಾಂಪಲ್ಲಿನ ಮನೆಯವರೇ ಉಳಿದುಕೊಂಡಿದ್ದರು. ಚೆನ್ನಾಗಿರುವ ಚೌಕಟ್ಟಿನ ಅಪಾಯವೇ ಅದು. ಎಲ್ಲ ಮುಗಿದಿದೆ ಎನ್ನಿಸಿಬಿಡುತ್ತದೆ. ನಮ್ಮ ಕಾಲದಲ್ಲಿ ಅರ್ಧ ಬರೆದ ಕೈಬರಹ ನೋಡಲೂ ಅರ್ಧವೇ ಇರುತ್ತಿತ್ತು. ಕಾಟು, ಗೀಟು, ಮಸಿ. ಈಗ ಬರೆಯದೇ ಇದ್ದದ್ದೂ ಅಲಂಕಾರ ಮಾಡಿಕೊಂಡು ಕುಳಿತಿರುತ್ತದೆ.

ಇದಕ್ಕೆ ವಿರುದ್ಧವಾದದ್ದನ್ನೂ ಅಳಿಯನಿಗೆ ತೋರಿಸಿದೆ. ನಾನು ದಿನವೂ ತೆರೆಯುವ "ಅಲರ್" ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಎಂಬುವರು ನಾಲ್ಕು ದಶಕ ಒಬ್ಬರೇ ಕೂತು ಕೂಡಿಟ್ಟ ಒಂದೂವರೆ ಲಕ್ಷ ಪದಗಳು 2019ರಲ್ಲಿ ಎಲ್ಲರಿಗೂ ಮುಕ್ತವಾದವು. ಜಾಲಕ್ಕೆ ತಂದವರು ಕೈಲಾಶ್ ನಾಧ್. ಅವರು ಅದಕ್ಕೂ ಮುಂಚೆ 2010ರಲ್ಲಿ ಮಲಯಾಳಕ್ಕೆ ಓಲಂ ಎಂಬ ನಿಘಂಟು ಕಟ್ಟಿದ್ದರು. ಎರಡನ್ನೂ ನಡೆಸುವುದು ಒಂದೇ ತಂತ್ರಾಂಶ, ಅದೂ ಮುಕ್ತ. ಪುಟದಲ್ಲಿ ಏನಿದೆ? ಒಂದು ಪೆಟ್ಟಿಗೆ, ಕೆಳಗೆ ಅರ್ಥ. ಮೂರು ವಾರ ಜಗಳವಾಡುವಂಥ ಬಣ್ಣ ಅದರಲ್ಲಿಲ್ಲ. ಅಲ್ಲಿ ಮೊದಲು ನಲವತ್ತು ವರ್ಷ ಅಡುಗೆ ನಡೆದಿದೆ, ಶಾಮಿಯಾನ ಆಮೇಲೆ ಬಂದಿದೆ.

ಹುಡುಗ ನೊಂದುಕೊಂಡನೇನೋ. ಮುಂದಿನ ಭಾನುವಾರ ಎರಡು ಅಧ್ಯಾಯ ಬರೆದುಕೊಂಡೇ ಬಂದ. ಒಂದರ ಹೆಸರು, "ಮಲ್ಲತ್ತಹಳ್ಳಿ: ಒಂದು ಬಡಾವಣೆಯ ಉದಾಹರಣೆ". ನನಗೆ ಹೆಮ್ಮೆಯಾಯಿತು. ಕನ್ನಡಕ ಏರಿಸಿ ಎಡಪಟ್ಟಿ ನೋಡಿದೆ. ಅಲ್ಲಿ ಇದ್ದದ್ದು:

ಮಲತಹಳಿ.

ಮೂರಕ್ಕೆ ಮೂರೂ ಒತ್ತು ಮಾಯ. ತಾಯಿ ಮಲತಾಯಿಯಾದಂತೆ ಊರು ಮಲತವಾಗಿತ್ತು. ಸಾಲದೆಂದು ಕೊನೆಗೆ "ಹಳಿ", ಅಂದರೆ ಬಯ್ಯಿ ಎಂದು ಅಪ್ಪಣೆ ಬೇರೆ. ನಾನು ಬಯ್ದೆ. "ಏನೋ ಇದು, ಕಾಗುಣಿತ ಬಾರದೇನೋ ನಿನಗೆ?"

"ಇಲ್ಲ ಮಾವ, ಟೈಪ್ ಸರಿಯಾಗೇ ಮಾಡಿದೀನಿ. ಪುಟದೊಳಗೆ ನೋಡಿ, ಸರಿ ಇದೆ. ಎಡಗಡೆ ಪಟ್ಟಿಯಲ್ಲಿ ಮಾತ್ರ ಕತ್ತರಿಸಿಹೋಗಿದೆ."

ಕಾರಣ ತಿಳಿದದ್ದು ಒಂದು ಗಂಟೆಯ ಮೇಲೆ. ಆ ಥೀಮು ಮಾಡಿದವರು ಪಟ್ಟಿಯಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.1 ಪಟ್ಟು ಎಂದು ಇಟ್ಟಿದ್ದರು. ಉದ್ದನೆಯ ಶೀರ್ಷಿಕೆ ಪಟ್ಟಿಯಾಚೆ ಚಾಚದಿರಲಿ ಎಂದು, ಗೆರೆ ದಾಟಿದ್ದನ್ನೆಲ್ಲ ಅಡಗಿಸು ಎಂಬ ಆಜ್ಞೆಯನ್ನೂ ಕೊಟ್ಟಿದ್ದರು. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಅಕ್ಷರ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒಂದು ಒತ್ತು. ನಮ್ಮದು ಮಹಡಿ ಮನೆ, ನೆಲಮಾಳಿಗೆಯೂ ಉಂಟು. ಅವರು ಒಂದಂತಸ್ತಿಗೆ ಅಳತೆ ಕೊಟ್ಟು, ಮಿಕ್ಕಿದ್ದನ್ನು ಒತ್ತುವರಿ ಎಂದು ತೆರವು ಮಾಡಿದ್ದರು.

ಮೊಳೆ ಜೋಡಿಸುವ ಕಾಲದಲ್ಲಿ ಇದು ಕಂಪಾಸಿಟರನ ಬೆರಳಿಗೇ ಗೊತ್ತಿತ್ತು. ಸಾಲಿಗೂ ಸಾಲಿಗೂ ನಡುವೆ ಲೆಡ್ ಎಂಬ ಸೀಸದ ಪಟ್ಟಿ ಇಡುತ್ತಿದ್ದರು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯಬಾರದಲ್ಲ. ಒತ್ತಿನ ಮೊಳೆ ಮುರಿದಿದ್ದರೆ ಕರಡಿನ ಅಂಚಿನಲ್ಲಿ ಗುರುತು ಹಾಕಿ ಹೊಸ ಮೊಳೆ ಕೇಳುತ್ತಿದ್ದೆ. ಈಗ ಯಾರನ್ನು ಕೇಳುವುದು? ಅಳಿಯ ಹೇಳಿದ ಇನ್ನೊಂದು ವಿಷಯ ನನಗೆ ನಿದ್ದೆಗೆಡಿಸಿತು. ಯೂನಿಕೋಡಿನಲ್ಲಿ ಕನ್ನಡಕ್ಕೆಂದು 128 ಮನೆಗಳ ಒಂದು ಬಡಾವಣೆ ಮೀಸಲು. ಸ್ವರ, ವ್ಯಂಜನ, ಗುಣಿತದ ಚಿಹ್ನೆ, ಅಂಕಿಗಳಿಗೆಲ್ಲ ಅಲ್ಲಿ ಸೈಟು ಹಂಚಿಕೆಯಾಗಿದೆ. ಕೆಲವು ಸೈಟು ಇಂದಿಗೂ ಖಾಲಿ ಬಿದ್ದಿವೆ. ಒತ್ತಕ್ಷರಕ್ಕೆ ಮಾತ್ರ ಸ್ವಂತ ಸೈಟಿಲ್ಲ. ಒಂದು ವ್ಯಂಜನ, ಅದರ ಪಕ್ಕ ಅರ್ಧಾಕ್ಷರದ ಚಿಹ್ನೆ, ಅದರ ಪಕ್ಕ ಇನ್ನೊಂದು ವ್ಯಂಜನ ನಿಂತರೆ, ಫಾಂಟು ಎಂಬುದು ಮಧ್ಯಸ್ಥಿಕೆ ವಹಿಸಿ ಎರಡನೆಯದನ್ನು ಮೊದಲನೆಯದರ ಕೆಳಮನೆಗೆ ಬಾಡಿಗೆಗೆ ಇಡುತ್ತದೆ. ಬಾಡಿಗೆದಾರನ ಮೇಲೆಯೇ ಬುಲ್ಡೋಜರು ಬರುವುದು ಎಲ್ಲ ಊರಲ್ಲೂ ಇದ್ದದ್ದೇ.

ಹುಡುಕುತ್ತ ಹೋದರೆ ಇಂಥವು ಇನ್ನೂ ಇದ್ದವು. ಶೀರ್ಷಿಕೆಗಳನ್ನೆಲ್ಲ ದೊಡ್ಡಕ್ಷರ ಮಾಡು ಎಂದು ಥೀಮು ಆಜ್ಞಾಪಿಸುತ್ತದೆ; ಕನ್ನಡ ಕೇಳಿಸಿಕೊಳ್ಳದ ಹಾಗೆ ಸುಮ್ಮನಿರುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಭೇದವಿಲ್ಲ. ಅಲ್ಪಪ್ರಾಣ ಮಹಾಪ್ರಾಣದ್ದು ಬೇರೆ ಜಗಳ. ಹುಡುಕುವ ಪೆಟ್ಟಿಗೆಯಲ್ಲಿ "ಕೆರೆ" ಎಂದು ಬರೆದರೆ ಏನೂ ಇಲ್ಲ ಎಂದಿತು. ಪುಟದ ತುಂಬ ಕೆರೆಯಲ್ಲಿ, ಕೆರೆಗೆ, ಕೆರೆಯಿಂದ ಎಂದು ಇತ್ತು. ನಾಮಪದಕ್ಕೆ ವಿಭಕ್ತಿ ಹತ್ತಿದರೆ ಅದಕ್ಕೆ ಗುರುತು ಹತ್ತದು. ಮಲ್ಲತ್ತಹಳ್ಳಿಯಲ್ಲಿ ಕೆರೆ ಇಲ್ಲ ಎಂದು ಯಂತ್ರವೊಂದು ಘೋಷಿಸಿದ್ದು ಸದ್ಯ ನಮ್ಮ ಮನೆಯೊಳಗೇ ಉಳಿಯಿತು. ಹೊರಗೆ ಕೇಳಿಸಿದ್ದರೆ ಸೈಟು ಮಾಡುವವರು ಓಡಿ ಬರುತ್ತಿದ್ದರು.

ಎಲ್ಲಕ್ಕಿಂತ ವಿಚಿತ್ರ ವಿಳಾಸದ್ದು. ಪ್ರತಿ ಉಪಶೀರ್ಷಿಕೆಗೂ ಯಂತ್ರ ಒಂದು ವಿಳಾಸ ಕೊಡುತ್ತದೆ, ಯಾರಾದರೂ ನೇರ ಆ ಬಾಗಿಲಿಗೇ ಬರಲೆಂದು. ಶೀರ್ಷಿಕೆಯಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಎಸೆಯುವುದು ಅದರ ಪದ್ಧತಿ. ಕನ್ನಡ ಶೀರ್ಷಿಕೆಯಲ್ಲಿ ಎಸೆದ ಮೇಲೆ ಏನೂ ಉಳಿಯುವುದಿಲ್ಲವಾಗಿ ಐಡಿ ಒಂದು, ಐಡಿ ಎರಡು ಎಂದು ಬರೀ ನಂಬರು. ಹೆಸರು ಕಷ್ಟವೆಂದು ಮೇಷ್ಟ್ರು ಹಾಜರಿ ನಂಬರು ಕೂಗುವ ಹಾಗೆ. ನಡುವೆ ಹೊಸದೊಂದು ಶೀರ್ಷಿಕೆ ಸೇರಿಸಿದರೆ ನಂಬರುಗಳೆಲ್ಲ ಒಂದೊಂದು ಸರಿದು, ಮೋಟಾರು ಕೆಟ್ಟದ್ದಕ್ಕೆ ಪರಿಹಾರ ಹುಡುಕಿ ಬಂದವನು ಬಾಕಿ ವಸೂಲಿಯ ಬಾಗಿಲಲ್ಲಿ ನಿಂತಿರುತ್ತಾನೆ.

ಕನ್ನಡವನ್ನೇ ವಿಳಾಸದಲ್ಲಿ ಇಟ್ಟುಕೊಳ್ಳುವ ದಾರಿಯೂ ಇದೆಯಂತೆ, ಒಂದು ಸಾಲಿನ ಬದಲಾವಣೆ. ಅದನ್ನೂ ಮಾಡಿದ. ಆ ವಿಳಾಸವನ್ನು ನಕಲು ಮಾಡಿ ನನ್ನ ಮೊಬೈಲಿಗೆ ಕಳಿಸಿದರೆ ಬಂದದ್ದು ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಸಂತೆ. ಯೂನಿಕೋಡಿನ ಒಂದೊಂದು ಕನ್ನಡ ಚಿಹ್ನೆಗೂ ಅಲ್ಲಿ ಒಂಬತ್ತು ಅಕ್ಷರ ಆಗುತ್ತದೆ. ಮಲ್ಲತ್ತಹಳ್ಳಿ ಎಂಬಲ್ಲಿ ಅಂಥ ಚಿಹ್ನೆಗಳು ಹನ್ನೆರಡು. ಕರಡು ತಿದ್ದುವವನಿಗೆ ಎಣಿಸುವ ಚಟ. ಎಣಿಸಿದೆ. ನೂರ ಎಂಟು.

ಒಳಗಿಂದ ನಮ್ಮವಳು, "ಅಷ್ಟೋತ್ತರ ಆಯ್ತಲ್ಲ, ಮಂಗಳಾರತಿ ಮಾಡಿ ಏಳಿ, ಊಟ ತಣ್ಣಗಾಗ್ತಿದೆ" ಎಂದಳು.

ಊಟವಾದ ಮೇಲೆ ಅಳಿಯ 1.1 ಎಂಬುದನ್ನು 1.6 ಎಂದು ತಿದ್ದಿದ. ಒತ್ತುಗಳು ಪೈರು ಮೇಲೆದ್ದ ಹಾಗೆ ಸಾಲಾಗಿ ಕಾಣಿಸಿಕೊಂಡವು. "ನಮ್ಮದರಲ್ಲಿ ಸರಿಹೋಯ್ತು, ಬಿಡಿ ಮಾವ" ಎಂದ. ನಾನು ಬಿಡಲಿಲ್ಲ. ಶಾಮಿಯಾನದಲ್ಲಿ ತೂತು ಕಂಡು, ನಮ್ಮ ತಲೆಯ ಮೇಲೆ ಮಾತ್ರ ಕೊಡೆ ಹಿಡಿದುಕೊಂಡು ಕೂರುವುದು ಯಾವ ಮರ್ಯಾದೆ? ಮಾಡಿದವರಿಗೇ ಬರೆ ಎಂದೆ. ಅವರು ಯಾವ ದೇಶದಲ್ಲಿದ್ದಾರೋ ಅವನಿಗೂ ಗೊತ್ತಿಲ್ಲ. ಬರೆದ. ಎರಡು ದಿನಕ್ಕೆ ಉತ್ತರ ಬಂತು. ವಿನಯದ ಉತ್ತರವೇ. ತೊಂದರೆ ತಮಗೆ ಕಾಣಿಸುತ್ತಿಲ್ಲ, ಒಂದು ಉದಾಹರಣೆ ಕಳಿಸಿ ಎಂದಿದ್ದರು. ಯಾವ ಪದ ಕಳಿಸುವುದೆಂದು ಯೋಚನೆಯೇ ಬೇಕಾಗಲಿಲ್ಲ. ಕತ್ತರಿಸಿದ ಮಲತಹಳಿಯನ್ನೂ ಇಡಿಯಾದ ಮಲ್ಲತ್ತಹಳ್ಳಿಯನ್ನೂ ಅಕ್ಕಪಕ್ಕ ನಿಲ್ಲಿಸಿ ಚಿತ್ರ ತೆಗೆದು, ಕಾಣೆಯಾದ ಮೂರು ಕಡೆ ಕೆಂಪು ಸುತ್ತು ಹಾಕಿ ಕಳಿಸಿದೆವು. ಸುತ್ತು ಹಾಕಿದ್ದು ನಾನೇ, ಮೌಸು ಹಿಡಿದು. ನಿವೃತ್ತನಾದ ಮೇಲೆ ನಾನು ತಿದ್ದಿದ ಮೊದಲ ಕರಡು ಅದು. ಸುತ್ತುಗಳು ಸ್ವಲ್ಪ ಕೋಳಿಮೊಟ್ಟೆಯಾಗಿದ್ದವು.

ಹನ್ನೊಂದನೆಯ ದಿನ ತಿದ್ದುಪಡಿ ಒಪ್ಪಿಗೆಯಾಯಿತು. ನಮಗಷ್ಟೇ ಅಲ್ಲ, ಆ ಥೀಮಿನ ಮುಂದಿನ ಆವೃತ್ತಿ ಬಳಸುವ ಎಲ್ಲರಿಗೂ. ತೆಲುಗಿನವರಿಗೂ ಮಲಯಾಳದವರಿಗೂ ಒತ್ತು ಉಳಿದುಕೊಳ್ಳುತ್ತದೆ, ಅವರಿಗೆ ಸುದ್ದಿ ತಿಳಿಯುವುದಿಲ್ಲ. ಈ ವಿಜಯವನ್ನು ಮೇಷ್ಟ್ರಿಗೆ ಹೇಳಲು ಬೆಳಿಗ್ಗೆ ಬೇಗ ಹೊರಟವನು ತಿರುವಿನಲ್ಲಿ ನಿಂತುಬಿಟ್ಟೆ. ಹೊಸ ಬೇಕರಿ, ಹೊಸ ಬೋರ್ಡು, ಇನ್ನೂ ಬಣ್ಣದ ವಾಸನೆ. ದೊಡ್ಡದಾಗಿ "ಮಲತಹಳ್ಳಿ" ಎಂದಿತ್ತು. ಮಾಲೀಕರನ್ನು ಕೇಳಿದೆ. "ಕೆಳಗಡೆ ಫೋನ್ ನಂಬರ್ ಬಂತಲ್ಲ ಸಾರ್, ಒತ್ತು ಹಾಕೋಕೆ ಜಾಗ ಸಾಲ್ಲಿಲ್ಲ" ಎಂದರು. ಅವರಿಗೆ 1.6ರ ವಿಷಯ ಹೇಗೆ ಹೇಳುವುದೋ ತಿಳಿಯದೆ ಎರಡು ದಿಲ್‌ಪಸಂದ್ ಕಟ್ಟಿಸಿಕೊಂಡು ಬಂದೆ.

ಕೈಪಿಡಿಯಲ್ಲಿ ಈಗ ಒಂಬತ್ತು ಅಧ್ಯಾಯ ತುಂಬಿವೆ. ಸಿಸಿರೋನನ್ನು ಗೌರವದಿಂದ ಬೀಳ್ಕೊಟ್ಟಿದ್ದೇವೆ. ಉಳಿದಿರುವುದು ಎರಡು: "ಟ್ಯಾಂಕರ್ ಅರ್ಧ ತುಂಬಿ ಬಂದರೆ ಲೆಕ್ಕ ಬರೆಯುವುದು ಹೇಗೆ" ಮತ್ತು "ಬಾಕಿದಾರರ ಜೊತೆ ಮಾತನಾಡುವುದು ಹೇಗೆ". ಮೊದಲನೆಯದನ್ನು ಅಳಿಯ ಬರೆಯುತ್ತಾನೆ. ಎರಡನೆಯದು ನಮ್ಮಿಬ್ಬರಿಗೂ ಗೊತ್ತಿಲ್ಲ. ಬಡಾವಣೆಯ ಸಂಘದಲ್ಲಿ ಖಜಾಂಚಿಯಾಗಿ ದುಡಿದೂ ಕನ್ನಡದಲ್ಲಿ ಸಮಾಧಾನವಾಗಿ ಬರೆಯಬಲ್ಲವರು ಯಾರಾದರೂ ಇದ್ದರೆ, ದಿನಾ ಬೆಳಿಗ್ಗೆ ಆರೂವರೆಗೆ ಕಲಾಗ್ರಾಮದ ಗೇಟಿನ ಹತ್ತಿರ ಬನ್ನಿ. ಬೋರ್ಡು ನೋಡುತ್ತ ನಿಂತಿರುವವನೇ ನಾನು.